ಸೀಸದ ಗುಂಡಿಗೆ ಹಚ್ಚಿದ ಕೊಬ್ಬು

ಭೂಗೋಳದ ಪಾಠದಲ್ಲಿ ಹವಳದ ದಿಬ್ಬಗಳ ಮೂರು ಬಗೆಗಳನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸಾರ್, ನೀವು ಇದನ್ನು ನೋಡಿದ್ದೀರಾ?" ಎಂದು ಕೇಳಿಯೇಬಿಟ್ಟ. ನಾನೋ, ಮುರ್ಡೇಶ್ವರದಾಚೆಯ ನಮ್ಮ ನೇತ್ರಾಣಿಯನ್ನೂ ಕಂಡವನಲ್ಲ. "ಸುಮ್ಮನೆ ಕೂತುಕೋ" ಎಂದು ಗದರಿದೆ.

2024ರ ಫೆಬ್ರವರಿಯಲ್ಲಿ ಮಗಳು, ಅಳಿಯ ನಮ್ಮಿಬ್ಬರನ್ನೂ ಕೆರಿಬಿಯನ್ ಸಮುದ್ರದ ಹಡಗುಯಾನಕ್ಕೆ ಕರೆದೊಯ್ದರು. ಗ್ರ್ಯಾಂಡ್ ಕೇಮನ್ ದ್ವೀಪದ ಜಾರ್ಜ್ ಟೌನಿನಲ್ಲಿ ಅಷ್ಟು ದೊಡ್ಡ ಹಡಗು ನಿಲ್ಲುವ ಕಟ್ಟೆಯಿಲ್ಲ. ದೂರದಲ್ಲಿ ನಿಲ್ಲಿಸಿ ಸಣ್ಣ ದೋಣಿಗಳಲ್ಲಿ ದಡ ಮುಟ್ಟಿಸುತ್ತಾರೆ. ಪ್ರವಾಸಿಗರನ್ನು ಸಬ್‌ಮರೀನಿನಲ್ಲಿ ಕಡಲ ತಳಕ್ಕೆ ಕರೆದೊಯ್ಯುವುದು ಇಲ್ಲಿ 1980ರ ದಶಕದಲ್ಲಿಯೇ ಆರಂಭವಾಯಿತು. ಇದಕ್ಕೂ ಮೊದಲು, 1964ರಲ್ಲಿ, ಜಾಕ್ ಪಿಕಾರ್ ಅವರು ನಿರ್ಮಿಸಿದ ಸಬ್‌ಮರೀನು ಸ್ವಿಟ್ಜರ್ಲೆಂಡಿನ ವಸ್ತುಪ್ರದರ್ಶನಕ್ಕೆ ಬಂದವರನ್ನು ಜಿನೀವಾ ಸರೋವರದೊಳಗೆ ಇಳಿಸಿತ್ತು.

ನಾವು ಬೆನ್ನಿಗೆ ಬೆನ್ನು ಕೊಟ್ಟು, ದುಂಡನೆಯ ಕಿಟಕಿಗಳಿಗೆ ಮುಖ ಮಾಡಿ ಕುಳಿತೆವು. ಇಳಿದಂತೆಲ್ಲ ಕೆಂಪು ಬಣ್ಣ ಮಾಯವಾಗತೊಡಗಿತು. ನನ್ನ ಶ್ರೀಮತಿಯ ಹಣೆಯ ಕುಂಕುಮ ಆ ನೀಲಿ ಬೆಳಕಿನಲ್ಲಿ ಕಪ್ಪಾಗಿ ಕಂಡಿತು. ನೂರು ಅಡಿಗೆ ನಿಂತೆವು. ಎಂದರೆ ಹದಿನೇಳು ಮಾರು ಆಳ.

ಮಾರು ಎಂದೊಡನೆ ನನಗೆ ಡಾರ್ವಿನ್ ನೆನಪಾದ. 1836ರ ಏಪ್ರಿಲಿನಲ್ಲಿ ಬೀಗಲ್ ಹಡಗು ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳನ್ನು ತಲುಪಿದಾಗ ಅವನಿಗೆ ಕಿಟಕಿಯೂ ಇರಲಿಲ್ಲ, ದೀಪವೂ ಇರಲಿಲ್ಲ. ಕಪ್ತಾನ ಫಿಟ್ಜ್‌ರಾಯ್ ಸೀಸದ ಗುಂಡಿನ ಬುಡಕ್ಕೆ ಕೊಬ್ಬು ಮೆತ್ತಿಸಿ ಹಗ್ಗದಲ್ಲಿ ಇಳಿಬಿಡಿಸಿದ. ಹತ್ತು ಮಾರಿನೊಳಗೆ ಕೊಬ್ಬಿನ ಮೇಲೆ ಜೀವಂತ ಹವಳದ ಅಚ್ಚು ಮಾತ್ರ ಮೂಡಿ ಬಂದಿತು. ಆಳ ಹೆಚ್ಚಿದಂತೆ ಅಚ್ಚು ಕಡಿಮೆಯಾಗಿ ಮರಳು ಅಂಟಿ ಬಂದಿತು. ದಿಬ್ಬ ಕಟ್ಟುವ ಹವಳ ಇಪ್ಪತ್ತು-ಮೂವತ್ತು ಮಾರಿನ ಕೆಳಗೆ ಬೆಳೆಯದು. ಹಾಗಾದರೆ ಅಗಾಧ ಆಳದ ಸಾಗರದ ನಡುವೆ ಹವಳದ ಕಂಕಣಗಳು ಹುಟ್ಟಿದ್ದು ಹೇಗೆ? ಜ್ವಾಲಾಮುಖಿ ದ್ವೀಪವೊಂದು ಮೆಲ್ಲಮೆಲ್ಲನೆ ಮುಳುಗುತ್ತದೆ, ಅದರ ಅಂಚಿನ ಹವಳ ಅದೇ ವೇಗದಲ್ಲಿ ಮೇಲಕ್ಕೆ ಬೆಳೆಯುತ್ತದೆ, ಕೊನೆಗೆ ದ್ವೀಪ ಹೋಗಿ ಬಳೆಯೊಂದೇ ಉಳಿಯುತ್ತದೆ ಎಂದ ಡಾರ್ವಿನ್.

ಸ್ವಾರಸ್ಯವೆಂದರೆ, ಈ ಸಿದ್ಧಾಂತವನ್ನು ಅವನು ಯೋಚಿಸಿದ್ದು ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿ, ನಿಜವಾದ ಹವಳದ ದಿಬ್ಬವನ್ನು ಕಣ್ಣಿನಿಂದ ಕಾಣುವ ಮೊದಲೇ. ಅವನೇ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾನೆ. (ನೋಡದೆ ಪಾಠ ಹೇಳಿದ ನನಗೆ ಇದು ಸ್ವಲ್ಪ ಸಮಾಧಾನ ಕೊಟ್ಟದ್ದುಂಟು!)

ಒಪ್ಪದವರೂ ಬಹಳ ಮಂದಿ. 1896ರಿಂದ 1898ರವರೆಗೆ ಪೆಸಿಫಿಕ್‌ನ ಫುನಾಫುಟಿಯಲ್ಲಿ ಸಾವಿರ ಅಡಿಗೂ ಮಿಕ್ಕಿ ಕೊರೆದರೂ ಜ್ವಾಲಾಮುಖಿಯ ಶಿಲೆ ಸಿಗಲಿಲ್ಲ. ಅದು ಸಿಕ್ಕಿದ್ದು 1952ರಲ್ಲಿ, ಎನಿವೆಟಾಕ್‌ನಲ್ಲಿ, ನಾಲ್ಕು ಸಾವಿರ ಅಡಿಗೂ ಕೆಳಗೆ. ಡಾರ್ವಿನ್ ಗೆದ್ದ. ಆದರೆ ಅಮೆರಿಕದವರು ಅಲ್ಲಿ ಕೊರೆದದ್ದು ಅವನ ಮಾತನ್ನು ಪರೀಕ್ಷಿಸಲೆಂದೇ ಅಲ್ಲ. ಅದು ಬಾಂಬು ಪರೀಕ್ಷೆಯ ತಾಣ. ಅದೇ ವರ್ಷ ನವೆಂಬರ್ 1ರಂದು ಮೊದಲ ಜಲಜನಕ ಬಾಂಬು ಸಿಡಿದು, ಆ ಕಂಕಣದ ಎಲುಗೆಲಾಬ್ ಎಂಬ ನಡುಗಡ್ಡೆ ನಕ್ಷೆಯಿಂದಲೇ ಅಳಿಸಿಹೋಯಿತು. ಯುಗಯುಗಾಂತರಗಳಿಂದ ಹುಳುಗಳು ಕಟ್ಟಿದ್ದು!

ನಮ್ಮ ಕಿಟಕಿಯಾಚೆ ಹವಳವಿತ್ತು, ಮೀನುಗಳಿದ್ದವು. ಆದರೆ ಅನೇಕ ಹವಳಗಳ ಮೇಲೆ ಮಂಕು ಪಾಚಿ ಕವಿದಿತ್ತು. 2023ರಲ್ಲಿ ಸಮುದ್ರ ವಿಪರೀತ ಕಾದು ಹವಳ ಬಿಳಿಚಿಕೊಂಡಿತು, ಎಷ್ಟೋ ಸತ್ತವು ಎಂದು ಮಾರ್ಗದರ್ಶಕಿ ತಗ್ಗಿದ ದನಿಯಲ್ಲಿ ಹೇಳಿ, ಮರುಕ್ಷಣವೇ ಆಮೆಯೊಂದನ್ನು ತೋರಿಸಿದಳು. ಎಲ್ಲರೂ ಆ ಕಡೆ ಬಾಗಿದರು.

ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ: ನೋಡಿದೆ ಕಣಯ್ಯಾ. ಪುಸ್ತಕದ ಬಣ್ಣದ ಚಿತ್ರದಂತಿರಲಿಲ್ಲ. ಅಂದು ನಿನ್ನನ್ನು ಗದರಬಾರದಿತ್ತು.