ಬೀಸುಕಲ್ಲಿನಿಂದ ಗಣಕಯಂತ್ರದವರೆಗೆ: ಜೋಡಿ ಹಾಡಿಕೆಯ ಹಿನ್ನೆಲೆಯಲ್ಲಿ ‘ಸಲ್ಕ್ ಸ್ಟೇಷನ್’

ಯಂತ್ರವು ಹಾಡಿನ ಶತ್ರುವೆಂಬ ತಿಳಿವಳಿಕೆ ನಮ್ಮ ಜಾನಪದ ಅಧ್ಯಯನದಲ್ಲಿ ಬಹುಕಾಲದಿಂದ ಬೇರೂರಿದೆ. ಹಿಟ್ಟಿನ ಗಿರಣಿ ಬಂದು ಬೀಸುವ ಪದ ಮರೆಯಾಯಿತು, ಪಂಪ್‌ಸೆಟ್ ಬಂದು ಕಪಿಲೆಯ ಹಾಡು ನಿಂತಿತು, ಧ್ವನಿವರ್ಧಕ ಬಂದು ಸೋಬಾನೆ ಸೊರಗಿತು ಎಂಬ ಮಾತುಗಳು ನಮ್ಮ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇವುಗಳಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ಬೆಂಗಳೂರಿನಲ್ಲಿ 2009ರಲ್ಲಿ ರೂಪುಗೊಂಡ ‘ಸಲ್ಕ್ ಸ್ಟೇಷನ್’ ಎಂಬ ಎಲೆಕ್ಟ್ರಾನಿಕ್ ಸಂಗೀತದ ಜೋಡಿಯ ನಡೆಯನ್ನು ಚಿತ್ರದುರ್ಗ ಸೀಮೆಯ ಜೋಡಿ ಹಾಡಿಕೆಯ ಹಿನ್ನೆಲೆಯಲ್ಲಿ ಪರಿಶೀಲಿಸಿ, ಈ ತಿಳಿವಳಿಕೆಯನ್ನು ಮರುವಿಮರ್ಶೆಗೆ ಒಳಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಿನ್ನೆಲೆಯನ್ನು ಗಮನಿಸಬಹುದು. ಡಾಕ್ಟರೇಟ್ ಪದವಿಯ ಕ್ಷೇತ್ರಕಾರ್ಯಕ್ಕಾಗಿ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಓಡಾಡುತ್ತಿದ್ದಾಗ ಇಬ್ಬರು ವೃದ್ಧೆಯರನ್ನು ಬೀಸುವ ಪದ ಹೇಳುವಂತೆ ಕೇಳಿಕೊಂಡೆ. ಜಗಲಿಯ ಮೇಲೆ ಕುಳಿತು ಆರಂಭಿಸಿದ ಅವರಿಗೆ ನಾಲ್ಕು ಸೊಲ್ಲು ಮುಗಿಯುವಷ್ಟರಲ್ಲಿ ಪದ ಕೈತಪ್ಪಿತು. ‘ಕಲ್ಲಿಲ್ಲದೆ ಪದ ನಿಲ್ಲಂಗಿಲ್ಲಪ್ಪ’ ಎಂದ ಅವರು ಹಿತ್ತಲಲ್ಲಿ ಬಿದ್ದಿದ್ದ ರಾಗಿಕಲ್ಲನ್ನು ತರಿಸಿದರು. ಎದುರುಬದುರು ಕುಳಿತು ಒಂದೇ ಗೂಟಕ್ಕೆ ಇಬ್ಬರೂ ಕೈಹಚ್ಚಿ ತಿರುಗಿಸತೊಡಗಿದ ಮೇಲೆ ಹಾಡಿನ ನಡೆ ನಿಧಾನವಾಯಿತು, ಮರೆತ ಸೊಲ್ಲುಗಳೂ ಮರಳಿದವು. ಅಂದು ನನ್ನ ಗಮನವೆಲ್ಲ ಪಠ್ಯದ ಮೇಲಿತ್ತು. ಕಲ್ಲಿನ ಸದ್ದು ಧ್ವನಿಮುದ್ರಣಕ್ಕೆ ಅಡ್ಡಿಯೆಂದೇ ಭಾವಿಸಿದ್ದೆ. ಕಲ್ಲು ಆ ಹಾಡಿಗೆ ಶ್ರುತಿಯನ್ನೂ ಲಯವನ್ನೂ ಒದಗಿಸುವ ವಾದ್ಯವಾಗಿತ್ತೆಂಬುದು ಹೊಳೆದದ್ದು ಬಹಳ ತಡವಾಗಿ.

ಹೀಗೆ ನೋಡಿದರೆ ಬೀಸುವ ಪದದಲ್ಲಿ ಮೂರು ಅಂಶಗಳು ಕೂಡಿವೆ: ಇಬ್ಬರು ಮನುಷ್ಯರು, ಒಂದು ಯಂತ್ರ, ವಿಳಂಬ ಲಯ. ಸೀಮೆಯ ಇತರ ಹಾಡಿಕೆಗಳಲ್ಲಿಯೂ ಈ ಜೋಡಿತನ ಕಾಣುತ್ತದೆ. ಹೊಳಲ್ಕೆರೆ ಭಾಗದ ಮದುವೆಮನೆಗಳ ಸೋಬಾನೆಯಲ್ಲಿ ಮುಂದೆ ಹೇಳುವವರು ಸೊಲ್ಲೆತ್ತುತ್ತಾರೆ, ಹಿಂದೆ ಹೇಳುವವರು ಅದನ್ನು ಮರಳಿ ಹೇಳಿ ಮುಂದಿನ ಸೊಲ್ಲಿಗೆ ಬಿಡುವು ಮಾಡಿಕೊಡುತ್ತಾರೆ. ಹಿರಿಯೂರು ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಜುಂಜಪ್ಪನ ಕಥನಕ್ಕೆ ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲು ಜೊತೆಯಾಗುತ್ತದೆ. ಅಲ್ಲಿ ಮಾತಿನಷ್ಟೇ ಮಹತ್ವ ನಾದಕ್ಕೂ ಇದೆ.

ವಿಳಂಬ ಲಯ ಮತ್ತು ಯಂತ್ರಗಳ ಇಂಥದೇ ಕೂಟವೊಂದು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಯುರೋಪಿನ ನಗರಗಳಲ್ಲಿ ಬೇರೊಂದು ದಾರಿಯಿಂದ ಮೂಡಿತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಕೆರಿಬಿಯನ್ ವಲಸಿಗರು ತಮ್ಮೊಡನೆ ತಂದ ಧ್ವನಿವರ್ಧಕಗಳ ಮೇಳಸಂಸ್ಕೃತಿಯ ನಡುವೆ ಬೆಳೆದ ‘ಮ್ಯಾಸಿವ್ ಅಟ್ಯಾಕ್’ ತಂಡ 1991ರಲ್ಲಿ ‘ಬ್ಲೂ ಲೈನ್ಸ್’ ಧ್ವನಿಸಂಪುಟವನ್ನು ಹೊರತಂದಿತು. 1994ರಲ್ಲಿ ‘ಪೋರ್ಟಿಸ್‌ಹೆಡ್’ ತಂಡದ ‘ಡಮ್ಮಿ’ ಬಂದಿತು. 1998ರಲ್ಲಿ ವಿಯೆನ್ನಾದ ಕ್ರೂಡರ್ ಮತ್ತು ಡೋರ್ಫ್‌ಮೈಸ್ಟರ್ ಜೋಡಿಯ ಹಾಗೂ ಫ್ರಾನ್ಸಿನ ‘ಏರ್’ ಜೋಡಿಯ ಸಂಪುಟಗಳು ಪ್ರಕಟವಾದವು. ನೃತ್ಯಕ್ಕೆಂದೇ ರಚಿತವಾದ ‘ಹೌಸ್’ ಸಂಗೀತದಲ್ಲಿ ನಿಮಿಷಕ್ಕೆ ಸುಮಾರು 120ರಿಂದ 130 ಬಡಿತಗಳಿದ್ದರೆ, ಇದರಲ್ಲಿ ಸಾಮಾನ್ಯವಾಗಿ ನೂರಕ್ಕೂ ಕಡಿಮೆ. ಕುಣಿಯುವುದಕ್ಕಿಂತ ಕುಳಿತು ಕೇಳುವುದಕ್ಕೆ ಒದಗುವ ಈ ಪ್ರಕಾರಕ್ಕೆ ‘ಡೌನ್‌ಟೆಂಪೊ’ ಎಂಬ ಹೆಸರು ನಿಂತಿತು. ಇದರಲ್ಲಿ ಹೆಸರು ಮಾಡಿದವರಲ್ಲಿ ಅನೇಕರು ಜೋಡಿಗಳೇ ಆಗಿರುವುದು ಗಮನಾರ್ಹ. ತುಣುಕು ಧ್ವನಿಗಳನ್ನು ಕೂಡಿಸುವ ಯಂತ್ರಗಳು ಅಗ್ಗವಾದ ಮೇಲೆ ದೊಡ್ಡ ವಾದ್ಯವೃಂದದ ಅಗತ್ಯ ಉಳಿಯಲಿಲ್ಲ. ಒಬ್ಬರು ನಾದವನ್ನು ಹೆಣೆದರೆ ಮತ್ತೊಬ್ಬರು ಹಾಡುವುದು ಸಾಧ್ಯವಾಯಿತು.

ಕರ್ನಾಟಕದಲ್ಲಿಯೂ ಹಾಡಿಕೆಗೂ ಎಲೆಕ್ಟ್ರಾನಿಕ್ ಉಪಕರಣಕ್ಕೂ ನಂಟು ಹೊಸದಲ್ಲ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ತಂಬೂರಿ ಹಿಡಿದು ಗಾಯಕರ ಹಿಂದೆ ಕೂರುತ್ತಿದ್ದ ಶಿಷ್ಯರ ಕೆಲಸವನ್ನು ಈ ಪುಟ್ಟ ಪೆಟ್ಟಿಗೆ ಕ್ರಮೇಣ ವಹಿಸಿಕೊಂಡಿತು. ಶಾಸ್ತ್ರೀಯ ಸಂಗೀತವು ಇದನ್ನು ಹೆಚ್ಚಿನ ಗದ್ದಲವಿಲ್ಲದೆ ಒಪ್ಪಿಕೊಂಡಿತೆಂಬುದನ್ನು ಮರೆಯಲಾಗದು.

ಸಲ್ಕ್ ಸ್ಟೇಷನ್ ಬಂದದ್ದು ಇದಾದ ಮೂರು ದಶಕಗಳ ಬಳಿಕ. ಗಾಯನ ತನ್ವಿ ರಾವ್ ಅವರದು, ಎಲೆಕ್ಟ್ರಾನಿಕ್ ನಾದದ ಹೆಣಿಗೆ ರಾಹುಲ್ ಗಿರಿ ಅವರದು. ಗಿರಿ ನೇಪಾಳ ಮೂಲದವರು. ಆ ಕಾಲದ ಬೆಂಗಳೂರಿನ ಸ್ಥಿತಿಯನ್ನೂ ನೆನೆಯಬೇಕು. ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಕುರಿತ 2005ರ ಆದೇಶದ ಜಾರಿ ಬಿಗಿಯಾಗಿ, 2008ರ ವೇಳೆಗೆ ಹೋಟೆಲು ಪಬ್ಬುಗಳಲ್ಲಿ ನೃತ್ಯಕ್ಕೂ ನೇರ ಸಂಗೀತಕ್ಕೂ ತಡೆಯುಂಟಾಗಿತ್ತು. ಈ ಜೋಡಿ ವಿಳಂಬ ಲಯವನ್ನು ಆರಿಸಿಕೊಂಡದ್ದಕ್ಕೆ ಇದೇ ಕಾರಣವೆನ್ನುವಂತಿಲ್ಲ. ಆದರೆ ಕುಣಿತಕ್ಕೆ ಎಡೆಯಿಲ್ಲದ ನಗರದಲ್ಲಿ ಕೇಳುವಿಕೆಗಾಗಿಯೇ ರಚಿತವಾದ ಸಂಗೀತವೊಂದು ಹುಟ್ಟಿತೆಂಬುದು ಇತಿಹಾಸದ ದೃಷ್ಟಿಯಿಂದ ದಾಖಲಾರ್ಹ ಸಂಗತಿ. ಪುಣೆಯಲ್ಲಿ 2010ರಲ್ಲಿ ಆರಂಭವಾದ ‘ಎನ್‌ಎಚ್7 ವೀಕೆಂಡರ್’ನಂತಹ ಉತ್ಸವಗಳು ಚಲನಚಿತ್ರದ ಆಶ್ರಯವಿಲ್ಲದ ಸ್ವತಂತ್ರ ಸಂಗೀತಗಾರರಿಗೆ ಆಗ ವೇದಿಕೆಯನ್ನು ಒದಗಿಸತೊಡಗಿದ್ದವು.

ಜೋಡಿಯ ಮೊದಲ ಧ್ವನಿಸಂಪುಟ ‘ಟಿಲ್ ಯು ಅಪಿಯರ್’ 2012ರಲ್ಲಿ ಹೊರಬಂದಿತು. ಇಲ್ಲಿನ ಗಾಯನದಲ್ಲಿ ಹಿಂದೂಸ್ತಾನಿ ಅಭ್ಯಾಸದ ಛಾಯೆಯಿದೆ. ಸ್ವರವು ಅವಸರವಿಲ್ಲದೆ ಎಳೆದುಕೊಂಡು ಸಾಗುತ್ತದೆ. ಅದರ ಕೆಳಗೆ ಯಂತ್ರದ ತಗ್ಗಿದ ನಾದ ಬಿಡದೆ ಹರಿಯುತ್ತದೆ, ಬಡಿತಗಳು ವಿರಳವಾಗಿ ಬೀಳುತ್ತವೆ. ಯಂತ್ರ ಇಲ್ಲಿ ಅಲಂಕಾರವಲ್ಲ. ಹಾಡು ನಿಲ್ಲುವ ನೆಲವೇ ಅದು. ಮುಂದಿನ ವರ್ಷಗಳಲ್ಲಿ ಗಿರಿಯವರು ಬೇರೆ ಹೆಸರಿನಲ್ಲಿ ಏಕಾಂಗಿಯಾಗಿಯೂ ಸಂಗೀತ ರಚಿಸಿದರು. ‘ಕನ್ಸಾಲಿಡೇಟ್’ ಎಂಬ ಬಳಗದ ಮೂಲಕ ಬೆಂಗಳೂರಿನ ಇತರ ಎಲೆಕ್ಟ್ರಾನಿಕ್ ಸಂಗೀತಗಾರರನ್ನು ಒಂದೆಡೆ ತರುವ ಕೆಲಸದಲ್ಲಿಯೂ ತೊಡಗಿಕೊಂಡರು. ಜೋಡಿಯೊಂದರ ಅನುಭವ ಹೀಗೆ ಬಳಗವೊಂದಕ್ಕೆ ದಾರಿಯಾಯಿತು.

ಇದು ಜಾನಪದವೇ ಎಂಬ ಆಕ್ಷೇಪ ಸಹಜ. ಅಲ್ಲವೆಂದೇ ಉತ್ತರಿಸಬೇಕಾಗುತ್ತದೆ. ಈ ಹಾಡುಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷ್, ಕರ್ತೃಗಳು ಗೊತ್ತಿರುವವರು, ಕೇಳುಗರು ನಗರವಾಸಿಗಳು. ಬೀಸುವ ಪದದಿಂದ ಈ ಸಂಗೀತ ಹುಟ್ಟಿತೆಂದು ಸಾಧಿಸುವುದೂ ಇಲ್ಲಿನ ಉದ್ದೇಶವಲ್ಲ. ಅಂಥ ವಂಶಾವಳಿಗೆ ಆಧಾರವಿಲ್ಲ. ಹೋಲಿಕೆ ಇರುವುದು ರಚನೆಯಲ್ಲಿ. ಗಿರಣಿಯು ಬೀಸುವ ಪದವನ್ನು ಇಲ್ಲವಾಗಿಸಿದ್ದು ತಾನು ಯಂತ್ರವೆಂಬ ಕಾರಣಕ್ಕಲ್ಲ. ಇಬ್ಬರು ಕುಳಿತು ಕೈಹಚ್ಚುವ ಜಾಗವನ್ನು ಅದು ಉಳಿಸಲಿಲ್ಲ ಎಂಬ ಕಾರಣಕ್ಕೆ. ಗಣಕಯಂತ್ರವು ಆ ಜಾಗವನ್ನು ಮರಳಿ ತೆರೆದುಕೊಟ್ಟಾಗ ಅದರ ಸುತ್ತ ಹಾಡೂ ಹುಟ್ಟಿದೆ. ಆದ್ದರಿಂದ ಯಂತ್ರವೊಂದು ಬಂದಾಗ ನಾವು ಕೇಳಬೇಕಾದ ಪ್ರಶ್ನೆ, ಅದರ ಬಳಿ ಇಬ್ಬರಿಗೆ ಎಡೆಯಿದೆಯೇ ಎಂಬುದು.

ಎರಡನೆಯವರ ಹೆಸರು ಉಳಿಯುತ್ತದೆಯೇ ಎಂಬುದು ಇದಕ್ಕೆ ಹೊಂದಿಕೊಂಡ ಪ್ರಶ್ನೆ. ಚಿತ್ರದುರ್ಗದ ಸಂಗೀತಸ್ಮೃತಿಯೆಂದರೆ ನಮಗೆ ಮೊದಲು ನೆನಪಾಗುವುದು ತ.ರಾ.ಸು. ಅವರ ‘ಹಂಸಗೀತೆ’ಯ ವೆಂಕಟಸುಬ್ಬಯ್ಯ. 1975ರಲ್ಲಿ ಜಿ.ವಿ. ಅಯ್ಯರ್ ಅವರು ಅದನ್ನು ಚಲನಚಿತ್ರವಾಗಿಸಿದ ಮೇಲೆ ಆ ಏಕಾಂಗಿ ಗಾಯಕನ ಚಿತ್ರ ಇನ್ನಷ್ಟು ಗಟ್ಟಿಯಾಯಿತು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿಯವರ ಹೆಸರು ನಾಡಿಗೆ ತಿಳಿದದ್ದು ಕೃಷ್ಣಮೂರ್ತಿ ಹನೂರರಂಥ ವಿದ್ವಾಂಸರ ಪರಿಶ್ರಮದಿಂದ. ಆದರೆ ಹಿಂದೆ ನಿಂತು ಸೊಲ್ಲು ಹಿಡಿದವರನ್ನು ನಾವು ‘ಮತ್ತು ಸಂಗಡಿಗರು’ ಎಂಬ ಒಂದು ಮಾತಿನಲ್ಲಿ ಮುಗಿಸಿದ್ದೇವೆ. ನನ್ನ ಸಂಗ್ರಹವೂ ಇದಕ್ಕೆ ಹೊರತಲ್ಲ. ಹೊಸದುರ್ಗದ ಆ ಇಬ್ಬರಲ್ಲಿ ಮುಂದೆ ಹೇಳಿದವರ ಹೆಸರನ್ನಷ್ಟೇ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಕೆಲವು ವರ್ಷಗಳ ತರುವಾಯ ಮತ್ತೆ ಹೋದಾಗ ಇಬ್ಬರೂ ತೀರಿಕೊಂಡಿದ್ದರು. ಕ್ಯಾಸೆಟ್ಟಿನ ಸುರುಳಿಗೆ ಈಗ ಬೂಷ್ಟು ಹಿಡಿದಿದೆ. ಅದರಲ್ಲಿ ಕಲ್ಲಿನ ಸದ್ದು ಸ್ಪಷ್ಟವಾಗಿ ಕೇಳಿಸುತ್ತದೆ, ಎರಡನೆಯ ದನಿಯೂ ಕೇಳಿಸುತ್ತದೆ; ಆ ದನಿ ಯಾರದೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ.

ಎಲೆಕ್ಟ್ರಾನಿಕ್ ಸಂಗೀತದ ಕಡತಗಳು ಕ್ಯಾಸೆಟ್ಟಿಗಿಂತ ಗಟ್ಟಿಯೆಂಬುದು ಭ್ರಮೆ. ತಂತ್ರಾಂಶ ಬದಲಾದರೆ, ಸಂಗ್ರಹ ಉಪಕರಣ ಕೆಟ್ಟರೆ, ಹಾಡಿನ ಬಿಡಿ ಪದರಗಳು ಮತ್ತೆ ತೆರೆಯದಂತಾಗುತ್ತವೆ. ಪ್ರಕಟಿತ ಧ್ವನಿ ಉಳಿದರೂ ಅದು ರೂಪುಗೊಂಡ ಕ್ರಮ ಉಳಿಯುವುದಿಲ್ಲ. ಈ ಕಾರಣದಿಂದ ಅಕಾಡೆಮಿಗಳು, ವಿಶ್ವವಿದ್ಯಾಲಯಗಳು, ಗ್ರಂಥಾಲಯಗಳು ಇಂಥ ಜೋಡಿಗಳ ಧ್ವನಿಕಡತ, ಬಳಸಿದ ಉಪಕರಣಗಳ ವಿವರ ಹಾಗೂ ಇಬ್ಬರ ಪ್ರತ್ಯೇಕ ಸಂದರ್ಶನಗಳನ್ನು ಅವರು ಕೆಲಸ ಮಾಡುತ್ತಿರುವಾಗಲೇ ಸಂಗ್ರಹಿಸಬೇಕಾಗಿದೆ. ಹಾಗೆಯೇ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಇನ್ನೂ ಹಾಡುತ್ತಿರುವವರನ್ನು ದಾಖಲಿಸುವಾಗ ಪ್ರತಿಯೊಂದು ಧ್ವನಿಮುದ್ರಿಕೆಯ ಮೇಲೂ ಸೊಲ್ಲೆತ್ತಿದವರ ಹೆಸರಿನೊಡನೆ ಸೊಲ್ಲು ಹಿಡಿದವರ ಹೆಸರನ್ನೂ ನಮೂದಿಸುವುದು ಕಡ್ಡಾಯವಾಗಬೇಕು.