ಬಾಡಿಗೆ ಮನೆಯ ಒಂದು ಕೋಣೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. ಮಗುವನ್ನು ನೋಡಿಕೊಳ್ಳುತ್ತ, ಮನೆಯಲ್ಲಿಯೇ ಕುಳಿತು ಅನುವಾದ ಮಾಡಿಕೊಡುವುದು ಅವಳ ಕಸುಬು. "ಸರ್, ಬಾಡಿಗೆ, ಕರೆಂಟು, ಇಂಟರ್‌ನೆಟ್ಟು ಎಲ್ಲವೂ ಮನೆಯ ಖರ್ಚೇ ತಾನೇ? ಅದರಲ್ಲಿ ಒಂದು ಪಾಲನ್ನು ಕೆಲಸದ ಖರ್ಚೆಂದು ತೆರಿಗೆಯ ಲೆಕ್ಕದಲ್ಲಿ ಕಳೆದರೆ ಸುಳ್ಳು ಲೆಕ್ಕವಾಗುವುದಿಲ್ಲವೇ?" ಎಂದು ಕೇಳಿದಳು. ಇತಿಹಾಸದ ಮೇಷ್ಟ್ರನ್ನು ತೆರಿಗೆಯ ಬಗ್ಗೆ ಕೇಳುವುದೇ ಎಂದು ನೀವು ನಗಬಹುದು. ಆದರೆ ಅವಳ ಅಳುಕಿಗೆ ಉತ್ತರವಿರುವುದು ಇತಿಹಾಸದಲ್ಲಿಯೇ.

1857ರ ದಂಗೆಯಿಂದ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ಆದಾಯ ತೆರಿಗೆಯನ್ನು ತಂದನು. ಅದನ್ನು ಬಹಿರಂಗವಾಗಿ ವಿರೋಧಿಸಿದ ಮದರಾಸಿನ ಗವರ್ನರ್ ಟ್ರೆವೆಲಿಯನ್ ಹುದ್ದೆಯನ್ನೇ ಕಳೆದುಕೊಂಡನು. ವಿಲ್ಸನ್ ಕೂಡ ಅದೇ ವರ್ಷ ಆಗಸ್ಟ್‌ನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡನು. ಆ ತೆರಿಗೆ 1865ರಲ್ಲಿ ನಿಂತು, 1886ರ ಕಾಯ್ದೆಯಿಂದ ಮತ್ತೆ ನೆಲೆಯೂರಿತು.

ನಮಗೆ ಮುಖ್ಯವಾದುದು 1922ರ ಕಾಯ್ದೆ. ಮುಂದೆ ಅಂಗಡಿ, ಹಿಂದೆ ಸಂಸಾರ ಎಂಬ ಮನೆಗಳು ಆಗ ಎಲ್ಲ ಪೇಟೆಗಳಲ್ಲಿಯೂ ಇದ್ದವು. ಕಾಯ್ದೆಯ 10ನೆಯ ಕಲಮು ಇದನ್ನು ಕಂಡಿತ್ತು. ವ್ಯಾಪಾರ ನಡೆಯುವ ಕಟ್ಟಡದ ಬಾಡಿಗೆಯನ್ನು ಕಳೆಯಬಹುದು. ಅದರ ಗಣನೀಯ ಭಾಗದಲ್ಲಿ ವಾಸವೂ ಇದ್ದರೆ, ಪ್ರಮಾಣವನ್ನು ನೋಡಿ ಅಧಿಕಾರಿ ನಿರ್ಧರಿಸಿದಷ್ಟು. 1939ರ ತಿದ್ದುಪಡಿಯ ನಂತರ ವಕೀಲ, ವೈದ್ಯರಂಥ ವೃತ್ತಿನಿರತರೂ ಇದೇ ಕಲಮಿನೊಳಗೆ ಬಂದರು. 1961ರ ಕಾಯ್ದೆಯ 38ನೆಯ ಕಲಮು ಅದೇ ತತ್ತ್ವವನ್ನು ಮುಂದುವರಿಸಿತು. 2026ರ ಏಪ್ರಿಲ್ 1ರಿಂದ ಜಾರಿಗೆಂದು ಬಂದ 2025ರ ಕಾಯ್ದೆಯಲ್ಲಿಯೂ ಅದು ಉಳಿದಿದೆ. ಮನೆಯಿಂದ ಕೆಲಸ ಎಂಬುದು ಕಂಪ್ಯೂಟರ್ ಯುಗದ ಆವಿಷ್ಕಾರವಲ್ಲವೆಂದು ಹೇಳಲು ಇಷ್ಟು ಸಾಕು.

ಇದನ್ನು ನಾನು ತಡವಾಗಿ ಕಲಿತೆನು. ನಿವೃತ್ತಿಯ ಬಳಿಕ ಪ್ರಕಾಶಕರೊಬ್ಬರಿಗೆ ಮನೆಯಲ್ಲಿ ಕರಡು ತಿದ್ದಿಕೊಡುತ್ತಿದ್ದೆ. ಅವರು ನೂರಕ್ಕೆ ಹತ್ತರಂತೆ ಮುರಿದುಕೊಂಡು ಕೊಡುತ್ತಿದ್ದರು; ಬಂದ ಸಂಭಾವನೆಯೆಲ್ಲವೂ ಆದಾಯವೆಂದೇ ನಾಲ್ಕು ವರ್ಷ ಬರೆದುಕೊಟ್ಟೆ. ಸಂಬಳದಾರನ ಬುದ್ಧಿ ಅದು. ರಾತ್ರಿ ಉತ್ತರಪತ್ರಿಕೆ ತಿದ್ದಿದ ದೀಪದ ಖರ್ಚನ್ನು ನಮ್ಮಲ್ಲಿ ಯಾರು ಲೆಕ್ಕವಿಟ್ಟಿದ್ದರು? ಎಲ್ಲರಿಗೂ ಒಂದೇ ಇಡಿಗಂಟು ರಿಯಾಯಿತಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುದ್ರಣಾಲಯಕ್ಕೆ ಓಡಾಡಿದ ಆಟೋ, ಕಾಗದ, ಅಂಚೆ ಇವೆಲ್ಲ ಕಳೆಯಬಹುದಾದ ಖರ್ಚುಗಳೆಂದು ತಿಳಿದಾಗ ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ.

ಆದ್ದರಿಂದ ಅವಳಿಗೆ ವಿವರವಾಗಿಯೇ ಹೇಳಿದೆ. 800 ಚದರಡಿಯ ಮನೆಯಲ್ಲಿ 120 ಚದರಡಿಯ ಕೋಣೆ ಕೆಲಸಕ್ಕೆ ಮೀಸಲಾದರೆ ಪಾಲು ನೂರಕ್ಕೆ 15. ತಿಂಗಳ ಬಾಡಿಗೆ 14,000 ಆದರೆ 2,100 ರೂಪಾಯಿ, ವರ್ಷಕ್ಕೆ 25,200. ಇಂಟರ್‌ನೆಟ್ಟಿಗೆ ಚದರಡಿಯ ಲೆಕ್ಕ ಸಲ್ಲದು, ಬಳಕೆಯ ಪಾಲು ಬೇಕು. ಕಂಪ್ಯೂಟರಿನ ಬೆಲೆಯನ್ನು ಒಂದೇ ಸಲ ಕಳೆಯುವಂತಿಲ್ಲ, ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ನೂರಕ್ಕೆ 40ರ ದರದಲ್ಲಿ ಸವಕಳಿ. ಸ್ವಂತ ಮನೆಯವರು ತಮಗೆ ತಾವೇ ಬಾಡಿಗೆ ಕೊಟ್ಟಂತೆ ಬರೆಯುವಂತಿಲ್ಲ. ಕಂದಾಯ, ದುರಸ್ತಿ ಮುಂತಾದವುಗಳ ಪಾಲು ಮಾತ್ರ. ಬಿಲ್ಲು, ಬಾಡಿಗೆ ರಸೀದಿ ಇರಲೇಬೇಕು.

2016ರ ಹಣಕಾಸು ಕಾಯ್ದೆ ಕೆಲವು ವೃತ್ತಿಗಳಿಗೆ ಸುಲಭದ ದಾರಿಯೊಂದನ್ನು ತೆರೆಯಿತು. ಸಂಭಾವನೆಯ ಕನಿಷ್ಠ ಅರ್ಧವನ್ನು ಆದಾಯವೆಂದು ಒಪ್ಪಿಕೊಂಡರೆ ಲೆಕ್ಕಪುಸ್ತಕದ ಗೊಡವೆಯಿಲ್ಲ. ಆದರೆ ಅದು ಪಟ್ಟಿಯಲ್ಲಿರುವವರಿಗೆ ಮಾತ್ರ. ಸಿನಿಮಾ ಸಂಭಾಷಣೆ ಬರೆಯುವವರು ಅದರಲ್ಲಿದ್ದಾರೆ. ಕರಡು ತಿದ್ದುವವರ ಹೆಸರಿಲ್ಲ. ನನಗೆ ಇದು ಸರಿಯೆನಿಸುವುದಿಲ್ಲ. ನಿನ್ನದು ಯಾವ ಗುಂಪಿಗೆ ಸೇರುತ್ತದೆಂದು ಲೆಕ್ಕಪರಿಶೋಧಕರನ್ನು ಕೇಳು, ಅಲ್ಲಿಯವರೆಗೆ ಚೀಟಿ ಎಸೆಯಬೇಡ ಎಂದೆ.

ಮೊನ್ನೆ ಮತ್ತೆ ಕರೆ ಮಾಡಿದಳು. ಕೋಣೆಯನ್ನು ಟೇಪು ಹಿಡಿದು ಅಳೆದಿದ್ದಳಂತೆ, 110 ಚದರಡಿ. "ಆದರೆ ಸರ್, ಒಂದು ಮೂಲೆಯಲ್ಲಿ ಮಗುವಿನ ತೊಟ್ಟಿಲಿದೆ. ಅಷ್ಟು ಜಾಗ ಬಿಡಬೇಕಲ್ಲವೇ?"

ಬಿಡಮ್ಮ ಎಂದೆ.