ಪ್ರಸಂಗದ ಪುಸ್ತಕ, ಕೂಟದ ಮಾತು

ಅತ್ತಾವರದ ಮನೆಗಳಲ್ಲಿ ಕುಳಿತು ಬಾನುಲಿಯ ತಾಳಮದ್ದಳೆ ಕೇಳುವವರೇ, ಅರ್ಥಧಾರಿಯ ಮುಂದೆ ಬರೆದಿಟ್ಟ ಸಂಭಾಷಣೆಯಿಲ್ಲವೆಂಬುದನ್ನು ನೀವು ಬಲ್ಲಿರಿ. ಪ್ರಸಂಗದ ಪುಸ್ತಕದಲ್ಲಿರುವುದು ಭಾಗವತರು ಹಾಡುವ ಪದ್ಯಗಳು ಮಾತ್ರ. ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕುಳಿತವರು ತಾವೇ ಪಾತ್ರಗಳಾಗಿ ಆಶುವಾಗಿ ವಾದಿಸುತ್ತಾರೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಹೊರತಂದರು. ಅಲ್ಲಿಯೂ ಪುಸ್ತಕ ಕೊಡುವುದು ಕಥೆಯ ಹಂದರವನ್ನಷ್ಟೇ. ಮೇಜಿನ ಸುತ್ತ ಕುಳಿತವರು ಪಾತ್ರ ವಹಿಸಿ ಅದನ್ನು ತುಂಬುತ್ತಾರೆ. ಆದರೆ ಅಲ್ಲಿ ಪಾತ್ರದ ಅಳಿವು ಉಳಿವು ದಾಳದ ಮೇಲೆ. ನಮ್ಮ ಕೂಟದಲ್ಲಿ ಅದು ಮೊದಲೇ ನಿಶ್ಚಿತ.

ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದ ರಾಮಾಯಣದ ಪ್ರಸಂಗಗಳಲ್ಲಿ ವಾಲಿ ಸಾಯಲೇಬೇಕು. ಆದರೂ ಬಾಣ ತಗುಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಧರ್ಮವೇ ಎಂದು ಕೇಳಿದಾಗ ರಾಮ ಏನೆಂದಾನು? ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾದಾಗ ಆ ಉತ್ತರ ಸುಲಭವಾಗಿರಲಿಲ್ಲ.

ಪ್ರಸಂಗಗಳು ತಾಳೆಗರಿಯಿಂದ ಅಚ್ಚಿಗೆ ಬಂದು ಉಳಿದವು; ಆಡಿದ ಅರ್ಥ ಕೂಟದೊಡನೆಯೇ ಮುಗಿಯಿತು. ಉಳಿದದ್ದು ಧ್ವನಿಮುದ್ರಣಕ್ಕೆ ಸಿಕ್ಕಷ್ಟೇ. ನಿಮ್ಮ ಮನೆಯಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಎಸೆಯದಿರಿ. ಅವುಗಳಲ್ಲಿರುವ ಮಾತು ಯಾವ ಪ್ರಸಂಗದ ಪುಸ್ತಕದಲ್ಲಿಯೂ ಇಲ್ಲ.